ಹುಲ್ಲು ಹೊದ್ದ ಮನೆ ಐದೂವರೆ ಶತಮಾನ ನಿಂತದ್ದು ಹೇಗೆ?

ಪ್ರಶ್ನೆ: ನಮ್ಮೂರು ಸಾಗರದ ಕಡೆಯ ಒಂದು ಹಳ್ಳಿ. ಉದ್ಯೋಗದ ನಿಮಿತ್ತ ಈಗ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದೇನೆ. ಇತ್ತೀಚೆಗೆ ಸ್ಟ್ರಾಟ್‌ಫರ್ಡ್ ಪಕ್ಕದ ಶಾಟ್ರಿಯಲ್ಲಿರುವ, ಶೇಕ್ಸ್‌ಪಿಯರನ ಹೆಂಡತಿ ಆನ್ ಹ್ಯಾಥವೇಯ ತವರುಮನೆಯನ್ನು ನೋಡಿಬಂದೆ. 1463ರ ಮನೆ ಎಂದರು. ಮರದ ಚೌಕಟ್ಟು, ಮಣ್ಣಿನ ಗೋಡೆ, ಮೇಲೆ ಹುಲ್ಲು. ನನ್ನ ಅಜ್ಜನ ಕಾಲದಲ್ಲಿ ನಮ್ಮ ಮನೆಗೆ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಸೋಗೆ ಹೊದಿಸಬೇಕಾಗಿತ್ತು. ಅಲ್ಲಿ ಹುಲ್ಲು ದಶಕಗಟ್ಟಲೆ ಬಾಳುವುದು ಹೇಗೆ? ಗೋಡೆಗಳೆಲ್ಲ ಸೊಟ್ಟಗಿದ್ದರೂ ಬೀಳದಿರುವುದು ಹೇಗೆ? ಆ ತೊಲೆಗಳನ್ನು ಹಳೆಯ ಹಡಗುಗಳಿಂದ ಕಳಚಿ ತಂದದ್ದೆಂದು ಜೊತೆಗಿದ್ದವರೊಬ್ಬರು ಹೇಳಿದರು, ನಿಜವೇ? ಊರಿನ ನಮ್ಮ ಹಳೆಯ ಮನೆಯ ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮಾಡಿಸಬೇಕೆಂದಿದ್ದೇವೆ. ಆ ಮನೆಯಿಂದ ನಾವು ತಿಳಿದುಕೊಳ್ಳುವುದೇನಾದರೂ ಇದೆಯೇ?

ಉತ್ತರ: ಮೊದಲು ಆ 1463 ಯಾವುದರ ವಯಸ್ಸು ಎಂಬುದನ್ನು ಬಿಡಿಸಿಕೊಳ್ಳೋಣ. ಅದು ಇಡೀ ಮನೆಯ ವಯಸ್ಸಲ್ಲ. ಮನೆಯ ತಗ್ಗಾದ ಭಾಗದ ಮರದ ಚೌಕಟ್ಟಿನ ವಯಸ್ಸು. ನೀವು ಕಂಡ ಹುಲ್ಲು ಆ ಕಾಲದ್ದಲ್ಲ, ಚಿಮಣಿ ಆ ಕಾಲದ್ದಲ್ಲ, ಗಾಜಿನ ಕಿಟಕಿಗಳು ಆ ಕಾಲದ್ದಲ್ಲ, ನೀವು ಮೆಟ್ಟಿಲೇರಿ ಹೋದ ಅಟ್ಟವೂ ಆ ಕಾಲದ್ದಲ್ಲ. ಎತ್ತರವಾಗಿ ಕಾಣುವ ಇನ್ನೊಂದು ಭಾಗವನ್ನು ಕಟ್ಟಿಸಿದವನು ಆನ್‌ಳ ಸೋದರ ಬಾರ್ಥಲೋಮಿಯೋ. ಅದುವರೆಗೆ ಒಕ್ಕಲುತನದಲ್ಲಿದ್ದ ಮನೆಯನ್ನೂ ಜಮೀನನ್ನೂ ಅವನು 1610ರಲ್ಲಿ ಸ್ವಂತಕ್ಕೆ ಕೊಂಡನು, ಆ ಹೊತ್ತಿಗೆ ಹಳೆಯ ಭಾಗಕ್ಕೆ ಆಗಲೇ ಒಂದೂವರೆ ಶತಮಾನ ತುಂಬುತ್ತಾ ಬಂದಿತ್ತು. ‘ಕಾಟೇಜ್’ ಎಂಬ ಹೆಸರು ಕೂಡ ದಾರಿ ತಪ್ಪಿಸುವಂಥದ್ದು. ಆ ಕಾಲದಲ್ಲಿ ಅದರ ಹೆಸರು ಹ್ಯೂಲ್ಯಾಂಡ್ಸ್ ಫಾರ್ಮ್. ತೊಂಬತ್ತು ಎಕರೆಗೂ ಮೀರಿದ ಭೂಮಿ, ಇಂದಿಗೆ ಹನ್ನೆರಡು ಕೋಣೆ. ನಮ್ಮ ಲೆಕ್ಕದಲ್ಲಿ ಅದು ಗುಡಿಸಲಲ್ಲ, ಅನುಕೂಲಸ್ಥ ಒಕ್ಕಲಿನ ಮನೆ.

ವರ್ಷವನ್ನು ಅಷ್ಟು ಖಚಿತವಾಗಿ ಹೇಳಲು ಸಾಧ್ಯವಾಗುವುದು ಮರದ ಬೆಳವಣಿಗೆಯ ಉಂಗುರಗಳಿಂದ. ಓಕ್ ಮರ ಒಳ್ಳೆಯ ವರ್ಷದಲ್ಲಿ ಅಗಲವಾದ ಉಂಗುರವನ್ನೂ ಬರದ ವರ್ಷದಲ್ಲಿ ಕಿರಿದಾದ ಉಂಗುರವನ್ನೂ ಬಿಡುತ್ತದೆ. ಒಂದು ಪ್ರದೇಶದ ಎಲ್ಲ ಓಕ್ ಮರಗಳಲ್ಲೂ ಈ ಅಗಲ ಕಿರಿದಿನ ಸರಣಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ತೊಲೆಯಿಂದ ಪೆನ್ಸಿಲಿನಷ್ಟು ದಪ್ಪದ ಒಂದು ಕಡ್ಡಿಯನ್ನು ಕೊರೆದು ತೆಗೆದು ಆ ಸರಣಿಯನ್ನು ತಿಳಿದ ಸರಣಿಯ ಪಕ್ಕದಲ್ಲಿಟ್ಟು ಹೋಲಿಸಿದರೆ, ತೊಗಟೆಯ ಅಂಚು ಉಳಿದಿದ್ದ ಪಕ್ಷದಲ್ಲಿ, ಮರ ಕಡಿದ ವರ್ಷವೇ ದೊರೆಯುತ್ತದೆ. ಕಡಿದ ವರ್ಷ ಎಂದರೆ ಕಟ್ಟಿದ ವರ್ಷ ಎಂದೇ ಹಿಡಿಯಬಹುದು, ಏಕೆಂದರೆ ಅಲ್ಲಿನ ಬಡಗಿಗಳು ಓಕ್ ಮರವನ್ನು ಒಣಗಿಸಿ ಬಳಸುತ್ತಿರಲಿಲ್ಲ, ಹಸಿಯಾಗಿದ್ದಾಗಲೇ ಕೆತ್ತುತ್ತಿದ್ದರು. ಒಣಗಿದ ಓಕ್ ಉಳಿಗೆ ಬಗ್ಗುವುದಿಲ್ಲ. ಗೋಡೆಗಳು ಸೊಟ್ಟಗಾಗುವುದಕ್ಕೂ ಈ ಹಸಿಮರವೇ ಕಾರಣ. ಅದಕ್ಕೆ ಮುಂದೆ ಬರುತ್ತೇನೆ.

ಹಳೆಯ ಭಾಗದಲ್ಲಿ ನೆಲದ ಹತ್ತಿರದಿಂದ ಹೊರಟು, ಬಾಗುತ್ತಾ ಬಾಗುತ್ತಾ, ಛಾವಣಿಯ ನೆತ್ತಿಯವರೆಗೆ ಒಂದೇ ತುಂಡಾಗಿ ಏರಿಹೋಗುವ ಭಾರಿ ತೊಲೆಗಳನ್ನು ನೀವು ಗಮನಿಸಿರಬೇಕು. ಇಂಗ್ಲಿಷ್ ಬಡಗಿಗಳು ಅದನ್ನು ‘ಕ್ರಕ್’ ಎನ್ನುತ್ತಾರೆ. ಎದುರುಬದುರಾಗಿ ನಿಂತ ಎರಡು ಬಾಗಿದ ತೊಲೆಗಳು ಮೇಲೆ ಒಂದನ್ನೊಂದು ಮುಟ್ಟುತ್ತವೆ. ಅಂಗೈಗಳನ್ನು ಜೋಡಿಸಿ, ಮೊಣಕೈಗಳನ್ನು ಅಗಲಿಸಿ ಮುಗಿದ ಕೈಯ ಆಕಾರ. ಎಷ್ಟೋ ಕಡೆ ಆ ಎರಡೂ ತೊಲೆಗಳು ಒಂದೇ ಮರದವು: ಸಹಜವಾಗಿ ಬಾಗಿ ಬೆಳೆದ ಓಕ್ ಮರವನ್ನು ಹುಡುಕಿ, ಉದ್ದಕ್ಕೆ ಸೀಳಿ, ಸೀಳನ್ನು ಪುಸ್ತಕದಂತೆ ತೆರೆದು ನಿಲ್ಲಿಸಿದರೆ ಕನ್ನಡಿಯ ಬಿಂಬದಂಥ ಜೋಡಿ ಸಿಗುತ್ತದೆ. ನೇರವಾದ ಮರವನ್ನು ಬಳಸಿದ್ದರೆ ಒಳಗಿನ ಜಾಗ ಡೇರೆಯಂತಾಗಿ ಗೋಡೆಯ ಬದಿಯಲ್ಲಿ ತಲೆ ಎತ್ತಲಾಗುತ್ತಿರಲಿಲ್ಲ. ಬಾಗು ಇರುವುದು ಅಂದಕ್ಕಲ್ಲ, ತಲೆ ತಾಗದಿರಲಿ ಎಂದು.

ಇಂಥ ಎರಡು ಜೋಡಿಗಳ ನಡುವಿನ ಜಾಗವನ್ನು ಅವರು ‘ಬೇ’ ಎಂದು ಎಣಿಸುತ್ತಾರೆ. ನಮ್ಮಲ್ಲಿ ಅದಕ್ಕೆ ಸರಿಯಾದ ಮಾತು ಹಿಂದಿನಿಂದ ಇದೆ: ಅಂಕಣ. ಮೂರಂಕಣದ ಮನೆ, ಐದಂಕಣದ ಮನೆ ಎಂದು ಮನೆಯ ಅಳತೆ ಹೇಳುತ್ತಿದ್ದ ಮಲೆನಾಡಿನ ಹಿರಿಯರಿಗೆ ಶಾಟ್ರಿಯ ಮನೆಯ ನಕಾಶೆ ಕ್ಷಣದಲ್ಲಿ ಅರ್ಥವಾಗುತ್ತಿತ್ತು. ಕ್ರಕ್‌ನ ವಿಶೇಷವೇನೆಂದರೆ ಛಾವಣಿಯ ಭಾರವೆಲ್ಲ ಈ ಜೋಡಿತೊಲೆಗಳ ಮೂಲಕ ನೇರವಾಗಿ ನೆಲಕ್ಕೆ ಇಳಿಯುತ್ತದೆ. ಗೋಡೆ ಹೊರುವುದು ತನ್ನ ಭಾರವನ್ನು ಮಾತ್ರ. ಗೋಡೆಯನ್ನು ಪೂರ್ತಿ ಬಿಚ್ಚಿ ತೆಗೆದರೂ ಮನೆಯ ಎಲುಬುಗೂಡು ಹಾಗೆಯೇ ನಿಂತಿರುತ್ತದೆ. ಬ್ರಿಟನ್ನಿನಲ್ಲಿ ಇಂಥ ಮೂರು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಗುರುತಿಸಿದ್ದಾರೆ; ವಿಚಿತ್ರವೆಂದರೆ ಅವು ಮಧ್ಯ ಇಂಗ್ಲೆಂಡ್, ವೇಲ್ಸ್, ಪಶ್ಚಿಮ ಮತ್ತು ಉತ್ತರದಲ್ಲಿ ಹರಡಿವೆಯೇ ಹೊರತು ಪೂರ್ವದ ಈಸ್ಟ್ ಆಂಗ್ಲಿಯಾದಲ್ಲಿ ಇಲ್ಲವೇ ಇಲ್ಲ. ಓಕ್ ಅಲ್ಲಿಯೂ ಬೆಳೆಯುತ್ತದೆ, ಆದ್ದರಿಂದ ಮರದ ಕೊರತೆ ಇದಕ್ಕೆ ಕಾರಣವಾಗಲಾರದು. ವಿದ್ವಾಂಸರು ಈ ಬಗ್ಗೆ ಇನ್ನೂ ವಾದಿಸುತ್ತಿದ್ದಾರೆ. ಬಡಗಿಗಳ ಸಂಪ್ರದಾಯವೂ ಭಾಷೆಯ ಹಾಗೆ ಒಂದು ಗೆರೆಯ ಈಚೆ ಒಂದು ರೀತಿ, ಆಚೆ ಇನ್ನೊಂದು ರೀತಿ ಇರುತ್ತದೆಂಬುದು ನನ್ನ ಅನಿಸಿಕೆ.

ಬಾರ್ಥಲೋಮಿಯೋ ಸೇರಿಸಿದ ಭಾಗ ಈ ಪದ್ಧತಿಯದಲ್ಲ; ಅದು ನೇರ ಕಂಬ, ಅಡ್ಡತೊಲೆಗಳ ಪೆಟ್ಟಿಗೆಯಂಥ ಚೌಕಟ್ಟು. ಕ್ರಕ್‌ನಲ್ಲಿ ಮನೆಯ ಎತ್ತರವನ್ನು ಮರದ ಬಾಗು ನಿರ್ಧರಿಸುತ್ತದೆ, ಪೆಟ್ಟಿಗೆಯ ಚೌಕಟ್ಟಿನಲ್ಲಿ ಮಾಲೀಕ ನಿರ್ಧರಿಸುತ್ತಾನೆ. ಎರಡು ಪೂರ್ಣ ಅಂತಸ್ತು ಬೇಕೆನಿಸಿದ ಕಾಲಕ್ಕೆ ಕ್ರಕ್ ಹಿಂದೆ ಸರಿದದ್ದು ಸಹಜ.

ಇನ್ನು ತೊಲೆಗಳ ಜೋಡಣೆ. ಒಂದು ಕೂಡಿಕೆಯ ಹತ್ತಿರ ನಿಂತು ನೋಡಿದರೆ ಕಬ್ಬಿಣದ ಮೊಳೆ ಒಂದೂ ಕಾಣುವುದಿಲ್ಲ. ಓಕ್ ಮರದಲ್ಲಿರುವ ಒಗರು ಆಮ್ಲ ಕಬ್ಬಿಣವನ್ನು ತಿಂದುಹಾಕುತ್ತದೆ, ಜೊತೆಗೆ ಮರದ ಮೇಲೆ ನೀಲಿಗಪ್ಪು ಕಲೆ ಬಿಡುತ್ತದೆ. ಆದ್ದರಿಂದ ಒಂದು ತೊಲೆಯ ತುದಿಯನ್ನು ನಾಲಗೆಯಾಗಿ ಕೆತ್ತಿ, ಇನ್ನೊಂದರಲ್ಲಿ ಕುಳಿ ತೋಡಿ, ಕೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆಯುತ್ತಾರೆ. ಇಷ್ಟು ನಮ್ಮ ಬಡಗಿಗಳಿಗೂ ಗೊತ್ತಿರುವ ಕೆಲಸ. ಆದರೆ ಅಲ್ಲಿ ಒಂದು ಸಣ್ಣ ಜಾಣ್ಮೆಯಿದೆ. ಕುಳಿಯ ಎರಡೂ ಕೆನ್ನೆಗಳಲ್ಲಿ ತೂತು ಕೊರೆದು, ನಾಲಗೆಯನ್ನು ಒಮ್ಮೆ ಕೂರಿಸಿ ತೂತಿನ ಗುರುತು ಮಾಡಿಕೊಂಡು, ಹೊರತೆಗೆದು, ನಾಲಗೆಯ ತೂತನ್ನು ಆ ಗುರುತಿನಿಂದ ಎರಡು ಮೂರು ಮಿಲಿಮೀಟರಿನಷ್ಟು ಬುಡದ ಕಡೆಗೆ ಸರಿಸಿ ಕೊರೆಯುತ್ತಾರೆ. ಮತ್ತೆ ಕೂರಿಸಿದಾಗ ತೂತುಗಳು ಒಂದರ ಮೇಲೊಂದು ಸರಿಯಾಗಿ ಕೂಡುವುದಿಲ್ಲ. ಅರ್ಧಚಂದ್ರದಂಥ ಅಂಚು ಅಡ್ಡ ನಿಲ್ಲುತ್ತದೆ. ಈಗ ತುದಿ ಚೂಪಾದ, ಚೆನ್ನಾಗಿ ಒಣಗಿದ ಓಕ್ ಗೂಟವನ್ನು ಕೊಡತಿಯಿಂದ ಹೊಡೆದರೆ ಅದು ಬಾಗಿಕೊಂಡೇ ಒಳನುಗ್ಗುತ್ತದೆ, ನುಗ್ಗುತ್ತಾ ನಾಲಗೆಯನ್ನು ಕುಳಿಯೊಳಕ್ಕೆ ಎಳೆದುಕೊಳ್ಳುತ್ತದೆ. ಹಸಿತೊಲೆ ಮುಂದೆ ಒಣಗಿ ಸುತ್ತಲೂ ಕುಗ್ಗಿದಾಗ ಗೂಟದ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಕಬ್ಬಿಣವಿಲ್ಲ, ಅಂಟಿಲ್ಲ, ಕೂಡಿಕೆಯನ್ನು ಶತಮಾನಗಟ್ಟಲೆ ಹಿಡಿದಿರುವುದು ಆ ಎರಡು ಮೂರು ಮಿಲಿಮೀಟರು.

ಇಡೀ ಚೌಕಟ್ಟನ್ನು ಮೊದಲು ಬಡಗಿಯ ಅಂಗಳದಲ್ಲಿ ನೆಲದ ಮೇಲೆ ಮಲಗಿಸಿ ಜೋಡಿಸಿ ನೋಡಿ, ಪ್ರತಿ ಕೂಡಿಕೆಗೂ ರೋಮನ್ ಅಂಕಿಯಂಥ ಗೀರು ಹಾಕಿ, ಬಿಚ್ಚಿ, ಗಾಡಿಯಲ್ಲಿ ನಿವೇಶನಕ್ಕೆ ಸಾಗಿಸಿ, ಊರವರ ತೋಳ್ಬಲದಿಂದ ಎತ್ತಿ ನಿಲ್ಲಿಸುತ್ತಿದ್ದರು. ಮುಂದಿನ ಬಾರಿ ಇಂಥ ಮನೆಗೆ ಹೋದಾಗ ತೊಲೆ ಕಂಬವನ್ನು ಸೇರುವಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಎರಡು ಮರಗಳ ಮೇಲೂ ಒಂದೇ ಸಂಖ್ಯೆಯ ಗೀರುಗಳು ಕಾಣಿಸಬಹುದು.

ಹಸಿ ಓಕ್ ಒಣಗುವಾಗ ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಕುಗ್ಗುತ್ತದೆ, ಸೀಳು ಬಿಡುತ್ತದೆ, ನಾರಿನ ಓಟಕ್ಕೆ ತಕ್ಕಂತೆ ತಿರುಚಿಕೊಳ್ಳುತ್ತದೆ. ದಪ್ಪ ತೊಲೆ ಒಳಗಿನವರೆಗೂ ಒಣಗಲು ಹಲವು ವರ್ಷಗಳೇ ಬೇಕು. ಅಷ್ಟರಲ್ಲಿ ಚೌಕಟ್ಟು ತನಗೆ ಅನುಕೂಲವಾದ ಭಂಗಿಗೆ ಬಂದು ಕುಳಿತುಕೊಳ್ಳುತ್ತದೆ. ನೀವು ಕಂಡ ಸೊಟ್ಟತನದ ಬಹುಭಾಗ ಮನೆ ಕಟ್ಟಿದ ಮೊದಲ ಕೆಲವು ದಶಕಗಳದ್ದು. ಆಮೇಲೆ ಅದು ಅಲುಗಾಡಿಲ್ಲ. ಕೂಡಿಕೆಗಳು ಗೂಟದ ಮೇಲೆ ತುಸು ತಿರುಗಬಲ್ಲವಾದ್ದರಿಂದ ನೆಲ ಒಂದು ಕಡೆ ಕುಸಿದರೂ ಚೌಕಟ್ಟು ಮುರಿಯದೆ ಜೊತೆಗೆ ವಾಲುತ್ತದೆ. ಇಟ್ಟಿಗೆ ಗೋಡೆಗೆ ಈ ಸೌಕರ್ಯವಿಲ್ಲ, ಅದು ಬಿರುಕು ಬಿಡುತ್ತದೆ. ಸಂರಕ್ಷಣೆಯ ಕೆಲಸ ಮಾಡುವವನಾಗಿ ನಾನು ಸೊಟ್ಟ ಮನೆಯನ್ನು ಕಂಡು ಗಾಬರಿಯಾಗುವುದಿಲ್ಲ. ಹಳೆಯ ಸೊಟ್ಟ ಮನೆಯಲ್ಲಿ ಹೊಸ ಬಿರುಕು ಕಂಡರೆ ಮಾತ್ರ ನಿಂತು ನೋಡುತ್ತೇನೆ.

ಚೌಕಟ್ಟಿನ ನಡುವಿನ ಖಾಲಿ ಜಾಗ ತುಂಬುವ ವಿಧಾನವನ್ನು ನಿಮಗೆ ಹೆಚ್ಚು ವಿವರಿಸಬೇಕಾಗಿಲ್ಲ, ಅದು ನಮ್ಮ ತಡಿಕೆಯ ಗೋಡೆಯೇ. ಮೇಲಿನ ತೊಲೆಯ ಅಡಿಯಲ್ಲಿ ತೂತುಗಳ ಸಾಲು, ಕೆಳಗಿನ ತೊಲೆಯ ಮೇಲೆ ಉದ್ದಕ್ಕೆ ತೋಡಿದ ಒಂದು ಕೊರಕಲು. ಸೀಳಿದ ಓಕ್ ಗೂಟಗಳನ್ನು ಮೇಲೆ ಚುಚ್ಚಿ ಕೆಳಗೆ ಕೊರಕಲಿನಲ್ಲಿ ಜಾರಿಸಿ ನಿಲ್ಲಿಸಿ, ಅವುಗಳ ನಡುವೆ ಹೇಜಲ್ ಎಂಬ ಪೊದೆಮರದ ಬಳುಕುವ ಕಡ್ಡಿಗಳನ್ನು ಬುಟ್ಟಿ ಹೆಣೆದಂತೆ ಹೆಣೆದು, ಜೇಡಿಮಣ್ಣು, ಸಗಣಿ, ಕತ್ತರಿಸಿದ ಹುಲ್ಲು ಕಲಸಿ ತುಳಿದ ಕೆಸರನ್ನು ಎರಡೂ ಬದಿಯಿಂದ ಒಟ್ಟಿಗೇ ಎರಚಿ ಮೆತ್ತುತ್ತಾರೆ. ಹೇಜಲ್ ಬದಲು ಸೀಳಿದ ಬಿದಿರು ಎಂದುಕೊಂಡರೆ ಇದು ನಿಮ್ಮೂರಿನ ತಡಿಕೆಯೇ. ಮೇಲೆ ಸುಣ್ಣದ ಬಳಿತ. ಕಾಲ ಸರಿದಂತೆ ಮಣ್ಣು ಉದುರಿದ ಕಡೆ ಎಷ್ಟೋ ಮನೆಗಳಲ್ಲಿ ಇಟ್ಟಿಗೆ ತುಂಬಿದರು. ಶಾಟ್ರಿಯಲ್ಲಿಯೂ ಇಟ್ಟಿಗೆಯ ತುಂಬುವಿಕೆಯನ್ನು ನೋಡಬಹುದು. ಕೆಳಗಡೆ ಮರ ನೆಲದ ತೇವವನ್ನು ಹೀರದಿರಲೆಂದು ಕಲ್ಲಿನ ಮೋಟುಗೋಡೆ. ಸ್ಟ್ರಾಟ್‌ಫರ್ಡ್ ಸುತ್ತಿನಲ್ಲಿ ಇದಕ್ಕೆ ಬಳಕೆಯಾದದ್ದು ಹತ್ತಿರದ ವಿಲ್ಮ್‌ಕೋಟ್ ಗಣಿಗಳ ನೀಲಿಬೂದು ಸುಣ್ಣಗಲ್ಲು.

ಮೊದಲ ನೂರು ವರ್ಷ ಈ ಮನೆಯ ಒಳಗು ಹೇಗಿತ್ತೆಂದು ಊಹಿಸಿಕೊಳ್ಳಿ. ಅಟ್ಟವಿಲ್ಲ, ಚಿಮಣಿಯಿಲ್ಲ. ನಡುಮನೆಯ ನೆಲದ ಮೇಲೆಯೇ ಬೆಂಕಿ; ತಲೆಯೆತ್ತಿದರೆ ನೇರವಾಗಿ ಛಾವಣಿಯ ಪಕಾಸಿಗಳು ಮತ್ತು ಹುಲ್ಲಿನ ಅಡಿಭಾಗ. ಹೊಗೆ ಮೇಲೇರಿ, ಅಲ್ಲೇ ಸುಳಿದಾಡಿ, ಸಂದಿಗಳಿಂದ ನಿಧಾನವಾಗಿ ಹೊರಹೋಗುತ್ತಿತ್ತು. ಕಿಟಕಿಗೆ ಗಾಜಿಲ್ಲ, ಮರದ ಸರಳು, ಒಳಗಿನಿಂದ ಹಲಗೆಯ ಬಾಗಿಲು. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನಾದ್ಯಂತ ಇಂಥ ಮನೆಗಳ ನಡುವೆ ಇಟ್ಟಿಗೆ ಕಲ್ಲುಗಳ ಚಿಮಣಿ ಎದ್ದು, ಹೊಗೆಗೆ ಅದರಲ್ಲಿ ದಾರಿಯಾದ ಮೇಲೆ ನಡುಮನೆಯ ಮೇಲಿನ ಖಾಲಿ ಜಾಗದಲ್ಲಿ ಅಟ್ಟ ಹಾಕಿಕೊಂಡರು. ಶಾಟ್ರಿಯ ಚಿಮಣಿಯ ಮೇಲೆ 1697 ಎಂಬ ಇಸವಿಯನ್ನು ಕೊರೆದ ಕಲ್ಲಿದೆ. ಅದು ಚಿಮಣಿಯನ್ನು ಮತ್ತೆ ಕಟ್ಟಿಸಿದ ವರ್ಷ. ಅಟ್ಟ ಆಮೇಲೆ ಬಂದದ್ದರಿಂದಲೇ ಮಲಗುವ ಕೋಣೆಗಳಲ್ಲಿ ಕ್ರಕ್ ತೊಲೆ ಅಡ್ಡಡ್ಡ ಬಂದು ಹಣೆಗೆ ತಾಗುವುದು.

ಈಗ ಹುಲ್ಲಿಗೆ ಬರುತ್ತೇನೆ. ನಿಮ್ಮ ನಿಜವಾದ ಪ್ರಶ್ನೆ ಇದೇ ಎಂದು ನನ್ನ ಗುಮಾನಿ.

ಇಂಗ್ಲೆಂಡಿನಲ್ಲಿ ಹೊದಿಕೆಗೆ ಮುಖ್ಯವಾಗಿ ಎರಡು ವಸ್ತು. ಒಂದು ಗೋಧಿಯ ಹುಲ್ಲು, ಇನ್ನೊಂದು ನೀರಿನಲ್ಲಿ ಬೆಳೆಯುವ ಜೊಂಡು. ಗೋಧಿ ಹುಲ್ಲಿನಲ್ಲಿ ಮತ್ತೆ ಎರಡು ಬಗೆ: ತೆನೆ ಬಡಿದ ಹುಲ್ಲನ್ನು ನೆನೆಸಿ, ಹಿರಿದು, ಉದ್ದ ಎಳೆಗಳಾಗಿ ಹಾಸುವುದು ಮಧ್ಯ ಮತ್ತು ಪೂರ್ವ ಇಂಗ್ಲೆಂಡಿನ ರೂಢಿ, ಹುಲ್ಲನ್ನು ಜಜ್ಜದೆ, ಬಾಚಿ, ಬುಡಗಳೆಲ್ಲ ಒಂದೇ ಕಡೆ ಬರುವಂತೆ ಕಟ್ಟಿ ಹೊದಿಸುವುದು ಡೆವನ್ ಕಡೆಯ ರೂಢಿ. ಉದ್ದ ಹುಲ್ಲಿನ ಹೊದಿಕೆ ಹದಿನೈದರಿಂದ ಇಪ್ಪತ್ತೈದು ವರ್ಷ, ಬಾಚಿದ ಹುಲ್ಲು ಇಪ್ಪತ್ತೈದರಿಂದ ನಲವತ್ತು ವರ್ಷ, ಒಳ್ಳೆಯ ಜೊಂಡು ನಲವತ್ತಕ್ಕೂ ಮೇಲೆ ಬಾಳುತ್ತದೆ. ನೆತ್ತಿಯ ಏಣನ್ನು ಮಾತ್ರ ಹತ್ತು ಹದಿನೈದು ವರ್ಷಕ್ಕೊಮ್ಮೆ ಹೊಸದು ಮಾಡಲೇಬೇಕು.

ನೀರು ಒಳಗಿಳಿಯದಿರುವ ಗುಟ್ಟು ಇಳಿಜಾರಿನಲ್ಲಿದೆ. ಹೊದಿಕೆಯ ಇಳಿಜಾರು ಕನಿಷ್ಠ 45 ಡಿಗ್ರಿ, ಸಾಮಾನ್ಯವಾಗಿ 50ಕ್ಕೂ ಮೇಲೆ. ಮಳೆಹನಿ ಒಂದು ಕಡ್ಡಿಯ ತುದಿಗೆ ಬಿದ್ದು, ಒಳಕ್ಕೆ ಹೋಗುವ ಮೊದಲೇ ಕೆಳಗಿನ ಕಡ್ಡಿಯ ತುದಿಗೆ ಜಾರಿ, ಅಲ್ಲಿಂದ ಮುಂದಿನದಕ್ಕೆ ಜಾರಿ, ಹೀಗೆ ಮೇಲ್ಮೈಯಲ್ಲಿಯೇ ಮೆಟ್ಟಿಲಿಳಿದು ಸೂರಿಗೆ ಬಂದು ಬೀಳುತ್ತದೆ. ಜೋರು ಮಳೆಯಲ್ಲೂ ಚೆನ್ನಾಗಿ ಹೊದಿಸಿದ ಛಾವಣಿ ನೆನೆಯುವುದು ಮೇಲಿನ ಒಂದೆರಡು ಬೆರಳು ದಪ್ಪ ಮಾತ್ರ. ಕೆಳಗಿನ ಒಂದಡಿಯಷ್ಟು ದಪ್ಪ ಒಣಗಿಯೇ ಇರುತ್ತದೆ. ಸೂರಿಗೆ ಮಳೆನೀರು ಹಿಡಿಯುವ ದೋಣಿ ಇರುವುದಿಲ್ಲ; ಸೂರನ್ನೇ ಗೋಡೆಯಿಂದ ಅರ್ಧ ಮೀಟರಿನಷ್ಟು ಮುಂದೆ ಚಾಚಿರುತ್ತಾರೆ, ನೀರು ಗೋಡೆಯನ್ನು ಮುಟ್ಟದೆ ದೂರ ಬೀಳುತ್ತದೆ. ಇಷ್ಟು ದಪ್ಪವಿದ್ದರೂ ಜೊಂಡಿನ ಹೊದಿಕೆಯ ತೂಕ ಚದರ ಮೀಟರಿಗೆ ನಲವತ್ತು ಕಿಲೊ ಆಸುಪಾಸು, ಹೆಂಚಿಗಿಂತ ಹಗುರ. ಹುಲ್ಲನ್ನು ಹಿಡಿದಿಡುವುದು ಹೇಜಲ್ ಕಡ್ಡಿಯೇ: ಸೀಳಿದ ಕಡ್ಡಿಯ ಎರಡು ತುದಿ ಚೂಪು ಮಾಡಿ, ನಡುವೆ ತಿರುಚಿ, ತಲೆಗೂದಲ ಪಿನ್ನಿನಂತೆ ಮಡಚಿ, ಅಂಗೈಯಲ್ಲಿ ಒತ್ತಿ ಹುಲ್ಲಿನೊಳಗೆ ಚುಚ್ಚುತ್ತಾರೆ. ತಿರುಚದೆ ಮಡಚಿದರೆ ಅದು ಪಟ್ಟನೆ ಮುರಿಯುತ್ತದೆ. ನಾನೂ ಒಮ್ಮೆ ಕಲಿಯಲು ಕುಳಿತು ಮೊದಲ ಹನ್ನೆರಡನ್ನು ಮುರಿದಿದ್ದೇನೆ.

ಮುಖ್ಯವಾದ ಇನ್ನೊಂದು ಪದ್ಧತಿಯನ್ನು ನೀವು ಗಮನಿಸಬೇಕು. ಹೊಸದಾಗಿ ಹೊದಿಸುವಾಗ ಹಳೆಯದನ್ನು ಪೂರ್ತಿ ಕಿತ್ತುಹಾಕುವುದಿಲ್ಲ. ಕೊಳೆತ ಮೇಲ್ಪದರವನ್ನು ಕೆರೆದು ತೆಗೆದು, ಗಟ್ಟಿಯಾಗಿ ಉಳಿದ ಕೆಳಪದರದ ಮೇಲೆ ಹೊಸ ಪದರ ಕೂರಿಸುತ್ತಾರೆ. ಹೀಗಾಗಿ ಕೆಲವು ಛಾವಣಿಗಳ ದಪ್ಪ ಒಂದು ಮೀಟರನ್ನು ದಾಟಿದೆ, ಮತ್ತು ಎಲ್ಲಕ್ಕಿಂತ ಕೆಳಗಿನ ಪದರ ಮಧ್ಯಯುಗದ್ದಾಗಿಯೇ ಉಳಿದಿದೆ. ನಡುಮನೆಯ ನೆಲದ ಬೆಂಕಿಯ ಹೊಗೆ ಆ ಪದರವನ್ನು ಕಾಡಿಗೆಯಂತೆ ಕಪ್ಪಾಗಿಸಿದ್ದು, ಆ ಮಸಿಯೇ ಅದನ್ನು ಕಾಪಾಡಿದೆ. ದಕ್ಷಿಣ ಇಂಗ್ಲೆಂಡಿನಲ್ಲಿ, ಬಹುಪಾಲು ಡೆವನ್‌ನಲ್ಲಿ, ಇಂಥ ಸುಮಾರು ಇನ್ನೂರು ಛಾವಣಿಗಳನ್ನು ಗುರುತಿಸಿದ್ದಾರೆ. ಸಸ್ಯಶಾಸ್ತ್ರಜ್ಞರಿಗೆ ಅದು ನಿಧಿ: ಐದಾರು ನೂರು ವರ್ಷ ಹಿಂದಿನ ಹೊಲದ ಗೋಧಿ, ರೈ, ಕಳೆಗಿಡಗಳು ತೆನೆ ಸಮೇತ ಅಲ್ಲಿ ಸಿಕ್ಕಿವೆ, ಮತ್ತು ಆ ಕಾಲದ ಗೋಧಿ ಇಂದಿನದಕ್ಕಿಂತ ಎಷ್ಟೋ ಎತ್ತರ ಬೆಳೆಯುತ್ತಿತ್ತೆಂಬುದು ಅದರಿಂದಲೇ ಸ್ಪಷ್ಟವಾಗಿದೆ. ಇಂದಿನ ಗಿಡ್ಡ ತಳಿಯ ಹುಲ್ಲು ಹೊದಿಕೆಗೆ ಬಾರದು. ಯಂತ್ರದಲ್ಲಿ ಕೊಯ್ದು ಬಡಿದರೆ ಪುಡಿಯಾಗುತ್ತದೆ, ರಾಸಾಯನಿಕ ಗೊಬ್ಬರ ಹೆಚ್ಚಾದರೆ ಬೇಗ ಕೊಳೆಯುತ್ತದೆ. ಆದ್ದರಿಂದ ಕೆಲವು ರೈತರು 1964ರಲ್ಲಿ ಬಿಡುಗಡೆಯಾದ ಮ್ಯಾರಿಸ್ ವಿಜನ್ ಎಂಬ ಎತ್ತರದ ತಳಿಯನ್ನು ಛಾವಣಿಗೆಂದೇ ಬೆಳೆದು, ಹಳೆಯ ಕಟಾವು ಯಂತ್ರದಲ್ಲಿ ಕೊಯ್ದು, ಸಿವುಡು ಕಟ್ಟಿ ಹೊಲದಲ್ಲೇ ನಿಲ್ಲಿಸಿ ಒಣಗಿಸುತ್ತಾರೆ. ಹೊಲ ಕೈಬಿಟ್ಟರೆ ಛಾವಣಿಯೂ ಕೈಬಿಡುತ್ತದೆ. ನಮ್ಮಲ್ಲಿ ಕರಡವೆಂಬ ಹುಲ್ಲು ಬೆಳೆಯುತ್ತಿದ್ದ ಬೇಣಗಳು ಅಕೇಶಿಯಾ ತೋಪುಗಳಾದಾಗ ಏನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ.

ಹಾಗಾದರೆ ನಿಮ್ಮ ಅಜ್ಜ ಪ್ರತಿ ವರ್ಷ ಹೊದಿಸಬೇಕಾದದ್ದೇಕೆ? ಅವರ ಕೆಲಸ ಕಡಿಮೆಯದೆಂದಲ್ಲ. ವಾರಿಕ್‌ಶೈರಿನಲ್ಲಿ ವರ್ಷಕ್ಕೆ ಬೀಳುವ ಮಳೆ 650 ಮಿಲಿಮೀಟರಿನ ಆಸುಪಾಸು, ಅದೂ ಹನ್ನೆರಡು ತಿಂಗಳಿಗೆ ಹಂಚಿಕೊಂಡು. ಎರಡು ಮಳೆಗಳ ನಡುವೆ ಗಾಳಿ ಹೊದಿಕೆಯನ್ನು ಒಣಗಿಸಿಬಿಡುತ್ತದೆ. ಅಷ್ಟು ಮಳೆಯನ್ನು ಮಲೆನಾಡು ಆಷಾಢದ ಕೆಲವು ವಾರಗಳಲ್ಲಿ ಕಂಡುಬಿಡುತ್ತದೆ, ಆಗುಂಬೆಯಂಥ ಕಡೆ ವರ್ಷದ ಮೊತ್ತ ಏಳು ಸಾವಿರ ಮಿಲಿಮೀಟರನ್ನು ಮೀರುತ್ತದೆ. ತಿಂಗಳುಗಟ್ಟಲೆ ಒಣಗಲು ಬಿಡುವಿಲ್ಲದ ತೇವ, ಅದರ ಜೊತೆಗೆ ಬೆಚ್ಚನೆಯ ಹವೆ: ಹುಲ್ಲನ್ನು ತಿನ್ನುವ ಶಿಲೀಂಧ್ರಕ್ಕೆ ಇದಕ್ಕಿಂತ ಹಬ್ಬ ಬೇಕಿಲ್ಲ. ಮೇಲಾಗಿ ಸೋಗೆಯ ಹೊದಿಕೆ ತೆಳುವು, ಒಂದಡಿ ದಪ್ಪದ್ದಲ್ಲ. ಬ್ರಿಟನ್ನಿನ ಮಣ್ಣಿನಲ್ಲಿ ಗೆದ್ದಲು ಸಹಜವಾಗಿ ಇಲ್ಲವೆಂಬುದನ್ನೂ ಮರೆಯಬಾರದು. ಇನ್ನೊಂದು ಲೆಕ್ಕವೂ ಇದೆ. ಅಡಿಕೆ ತೋಟವಿದ್ದವರಿಗೆ ಸೋಗೆ ಪ್ರತಿ ವರ್ಷ ತಾನಾಗಿ ಉದುರುತ್ತದೆ, ಹೊದಿಸಲು ನೆರೆಹೊರೆಯ ಕೈಗಳಿದ್ದವು, ಹಳೆಯ ಸೋಗೆ ತೋಟಕ್ಕೆ ಗೊಬ್ಬರವಾಗುತ್ತಿತ್ತು. ವರ್ಷಕ್ಕೊಮ್ಮೆ ಬದಲಿಸುವುದು ಅಲ್ಲಿ ಸೋಲಲ್ಲ, ತೋಟದ ಚಕ್ರದ ಒಂದು ಭಾಗ.

ಬೆಂಕಿಯ ಭಯ ನೀವು ಕೇಳಿಲ್ಲ, ಆದರೆ ಅದನ್ನು ಬಿಟ್ಟು ಈ ಮನೆಗಳ ಮಾತು ಮುಗಿಯದು. ಲಂಡನ್ ನಗರ 1212ರಷ್ಟು ಹಿಂದೆಯೇ, ಭಾರಿ ಅಗ್ನಿಅನಾಹುತವೊಂದರ ನಂತರ, ಹೊಸ ಮನೆಗಳಿಗೆ ಹುಲ್ಲು ಹೊದಿಸುವುದನ್ನು ನಿಷೇಧಿಸಿತು. ಶೇಕ್ಸ್‌ಪಿಯರನ ನಾಟಕಗಳು ನಡೆಯುತ್ತಿದ್ದ ಗ್ಲೋಬ್ ರಂಗಮಂದಿರ 1613ರಲ್ಲಿ ಸುಟ್ಟುಹೋದದ್ದು, ಪ್ರದರ್ಶನದ ನಡುವೆ ಹಾರಿಸಿದ ಫಿರಂಗಿಯ ಕಿಡಿ ಹುಲ್ಲಿನ ಛಾವಣಿಗೆ ಹತ್ತಿ. 1997ರಲ್ಲಿ ತೆರೆದ ಇಂದಿನ ಗ್ಲೋಬ್‌ಗೂ ಜೊಂಡಿನ ಹೊದಿಕೆಯೇ ಇದೆ, ಆದರೆ ನೆತ್ತಿಯುದ್ದಕ್ಕೂ ನೀರು ಚಿಮ್ಮಿಸುವ ಕೊಳವೆಗಳಿವೆ. ಶಾಟ್ರಿಯ ಮನೆಗೂ 1969ರಲ್ಲಿ ಬೆಂಕಿ ಬಿದ್ದು ಬಹಳಷ್ಟು ಹಾನಿಯಾಯಿತು. 1892ರಿಂದ ಅದರ ಒಡೆತನ ಹೊಂದಿರುವ ಶೇಕ್ಸ್‌ಪಿಯರ್ ಜನ್ಮಸ್ಥಳ ಟ್ರಸ್ಟ್ ದುರಸ್ತಿ ಮಾಡಿಸಿತು. ಇಂದು ಹುಲ್ಲಿನ ಮನೆಗಳ ಬೆಂಕಿಗೆ ಸಾಮಾನ್ಯ ಕಾರಣ ಚಿಮಣಿಯೇ: ಕಿಡಿ ಹಾರುವುದು, ಇಲ್ಲವೇ ಬಿರುಕು ಬಿಟ್ಟ ಕೊಳವೆಯಿಂದ ಬಿಸಿಗಾಳಿ ಸೋರುವುದು.

ಹಡಗಿನ ಮರದ ಕಥೆ ಇಂಗ್ಲೆಂಡಿನ ಅರ್ಧ ಹಳ್ಳಿಗಳಲ್ಲಿ ಕೇಳಿಬರುತ್ತದೆ, ಸಮುದ್ರದಿಂದ ದೂರದ ವಾರಿಕ್‌ಶೈರಿನಲ್ಲಂತೂ ಅದು ಸಲ್ಲದು. ಹುಟ್ಟಿದ್ದು ಹೇಗೆಂದರೆ, ತೊಲೆಗಳ ಮೇಲೆ ಯಾವುದಕ್ಕೂ ಸೇರದ ಖಾಲಿ ಕುಳಿಗಳು, ಅರ್ಥವಾಗದ ಬಾಗುಗಳು ಕಾಣುತ್ತವೆ. ಜನ ಅದಕ್ಕೊಂದು ಕಾರಣ ಹುಡುಕಿದರು. ಆ ಕುಳಿಗಳು ಹಿಂದೆ ಅಲ್ಲಿದ್ದು ಈಗ ತೆಗೆದುಹಾಕಿದ ಗೋಡೆಯದೋ ಕಂಬದ್ದೋ ಆಗಿರುತ್ತವೆ, ಇಲ್ಲವೇ ತೊಲೆ ಇನ್ನೊಂದು ಹಳೆಯ ಮನೆಯಿಂದ ಬಂದಿರುತ್ತದೆ. ಬಾಗು ಎಲ್ಲಿಂದ ಬಂತೆಂದು ಆಗಲೇ ನೋಡಿದೆವು. ತೊಲೆಗಳ ಕಡುಗಪ್ಪಿಗೂ ವಯಸ್ಸಿಗೂ ಸಂಬಂಧವಿಲ್ಲ. ಬಣ್ಣ ಬಳಿಯದೆ ಬಿಟ್ಟ ಓಕ್ ಬೆಳ್ಳಿಯಂಥ ಬೂದು ಬಣ್ಣಕ್ಕೆ ತಿರುಗುತ್ತದೆ. ಕಪ್ಪು ಬಿಳಿ ಪಟ್ಟೆಯ ಮನೆ ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಅಭಿರುಚಿ, ಡಾಂಬರಿನ ಕೃಪೆ.

ಕೊನೆಯದು ನಿಮ್ಮ ಸಿಮೆಂಟು. ಬಹಳ ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ಹಳ್ಳಿಮನೆಯನ್ನು ಪರೀಕ್ಷಿಸಲು ಹಿರಿಯರೊಬ್ಬರ ಜೊತೆ ಹೋಗಿದ್ದೆ. ಹೊರಗಿನಿಂದ ಮನೆ ಹೊಸ ನಾಣ್ಯದಂತಿತ್ತು. ಕೆಲವು ದಶಕಗಳ ಕೆಳಗೆ ಯಾರೋ ಇಡೀ ಹೊರಮೈಗೆ ಸಿಮೆಂಟ್ ಗಾರೆ ಬಳಿದು, ಮೇಲೆ ಪ್ಲಾಸ್ಟಿಕ್ ಬಣ್ಣ ಹಚ್ಚಿದ್ದರು. ಹಿರಿಯರು ಬಾಗಿಲ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಗಾರೆ ಬಿರಿದಿದ್ದ ಕಡೆ ಒಂದು ಚಕ್ಕೆಯನ್ನು ಕಿತ್ತು, ಅಡಿತೊಲೆಗೆ ಹೆಬ್ಬೆರಳನ್ನು ಒತ್ತಿದರು. ಬೆರಳು ಮೊದಲ ಗೆಣ್ಣಿನವರೆಗೆ ಒಳಗಿಳಿಯಿತು. ಹೊರತೆಗೆದಾಗ ಬೆರಳಿಗೆ ಅಂಟಿದ್ದು ಮರವಲ್ಲ, ಒದ್ದೆಯಾದ ನಶ್ಯದ ಪುಡಿಯಂಥ ಕಂದು ಹಿಟ್ಟು, ಅಣಬೆಯ ವಾಸನೆ. ಒಳಗಿನ ಮಣ್ಣು ಮತ್ತು ಮರ ತೇವಕ್ಕೆ ಹಿಗ್ಗುತ್ತವೆ, ಒಣಗಿದಾಗ ಕುಗ್ಗುತ್ತವೆ. ಸಿಮೆಂಟು ಜೊತೆಗೆ ಹೋಗದೆ ಕೂದಲೆಳೆಯ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಮಳೆನೀರು ಒಳಹೋಗುತ್ತದೆ, ಆದರೆ ಸಿಮೆಂಟಿನ ಮೂಲಕ ಆವಿಯಾಗಿ ಹೊರಬರಲು ದಾರಿಯಿಲ್ಲ. ಸುಣ್ಣದ ಗಾರೆ ಮೃದು, ತೇವವನ್ನು ಹೀರಿದಂತೆಯೇ ಬಿಟ್ಟುಕೊಡುತ್ತದೆ. ಶತಮಾನಗಳನ್ನು ತಾಳಿದ ತೊಲೆ ಮೂವತ್ತು ನಲವತ್ತು ವರ್ಷದ ಸಿಮೆಂಟಿನಡಿ ಕೊಳೆತಿತ್ತು. ಅಲ್ಲಿ ಮಾಡಿದ ದುರಸ್ತಿಯೂ ಸರಳವಾಗಿತ್ತು: ಗಾರೆಯನ್ನು ಪೂರ್ತಿ ಕಿತ್ತು, ಕೊಳೆತಷ್ಟು ಮರವನ್ನು ಮಾತ್ರ ಕತ್ತರಿಸಿ, ಹೊಸ ಓಕ್ ತುಂಡನ್ನು ಓರೆಯಾಗಿ ಕತ್ತರಿಸಿ ಕೂಡಿಸಿ, ಮತ್ತೆ ಮಣ್ಣು, ಮತ್ತೆ ಸುಣ್ಣ. ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆಂದು ಸ್ಥಾಪಿಸಿದ ಸಂಘ ಅಂದಿನಿಂದ ಸಾರುತ್ತಿರುವ ಕ್ರಮ ಇದೇ: ಕೆಟ್ಟಷ್ಟನ್ನೇ ಮುಟ್ಟು, ಉಳಿದದ್ದನ್ನು ಬಿಡು.

ನಿಮ್ಮ ಮನೆಯದು ತಡಿಕೆಯ ಗೋಡೆಯಾಗಲಿ, ಮುದ್ದೆಮಣ್ಣಿನ ಗೋಡೆಯಾಗಲಿ, ಸಿಮೆಂಟ್ ಬೇಡ. ಹಣವಿದ್ದರೆ ಅದನ್ನು ಮೊದಲು ಸೂರಿಗೆ ಹಾಕಿ. ಸೂರು ಗೋಡೆಯಿಂದ ಎರಡೂವರೆ ಅಡಿಯಾದರೂ ಮುಂದೆ ಬರಲಿ, ಅಂಗಳದ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಕಾಲುವೆ ತೆಗೆಸಿ. ಗೋಡೆಯ ಬುಡದ ಒಂದೂವರೆ ಅಡಿ ಕಲ್ಲಿನದಲ್ಲದಿದ್ದರೆ, ಅಂಕಣ ಅಂಕಣವಾಗಿ ಆನಿಕೆ ಕೊಟ್ಟು, ಕಲ್ಲು ಕಟ್ಟಿಸಬಹುದು. ಉದುರಿದ ಕಡೆ ಅದೇ ಮಣ್ಣಿಗೆ ಹುಲ್ಲು ಸೇರಿಸಿ ಹದಿನೈದು ದಿನ ಕೊಳೆಹಾಕಿ ಮೆತ್ತಿಸಿ; ಪೂರ್ತಿ ಒಣಗಿದ ಮೇಲೆ, ಮಳೆಗಾಲ ಕಳೆದು, ಕೆನೆಗಟ್ಟಿದ ಸುಣ್ಣವನ್ನು ತೆಳುವಾಗಿ ಮೂರು ಸಲ ಬಳಿಸಿ. ಕಂಬಗಳ ಬುಡವನ್ನು ಈ ದೀಪಾವಳಿಗೆ ಊರಿಗೆ ಹೋದಾಗ ನೀವೇ ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆರಳು ಒಳಗಿಳಿದರೆ ಮೊದಲು ಬಡಗಿಗೆ ಹೇಳಿಕಳಿಸಿ. ಗಾರೆಯವರನ್ನು ಆಮೇಲೆ ಕರೆದರಾಯಿತು.